ಅಂಕಿಯ ಮೋಹ

ನಮ್ಮ ಕಿರುಗಾವಲಿನ ಸೀಮೆಯಲ್ಲಿ ‘ಓಸಿ’ ಎಂದರೆ ಅರ್ಥ ಕೇಳುವವರು ವಿರಳ. ಅಂಕಿಗೆ ಹಣ ಕಟ್ಟುವ ಮಟ್ಕಾ ಜೂಜು ಅದು. ಅಂಕಿಗಳು ಹತ್ತು, ಗೆದ್ದವನಿಗೆ ಸಾಮಾನ್ಯವಾಗಿ ಒಂಬತ್ತರಷ್ಟು. ಉಳಿದ ಪಾಲು ಜೂಜುಕಟ್ಟೆಯ ಲಾಭ.

ಈ ವ್ಯವಹಾರದ ಒಳಗುಟ್ಟನ್ನು ನಾನು ಕಂಡದ್ದು ಅಬ್ರಹಾಂ ಪೊಲೊನ್‌ಸ್ಕಿಯ ‘ಫೋರ್ಸ್ ಆಫ್ ಈವಿಲ್’ (1948) ಚಿತ್ರದಲ್ಲಿ. ಅಮೆರಿಕ ಸ್ವಾತಂತ್ರ್ಯ ಸಾರಿದ್ದು 1776ರಲ್ಲಿ. ಆದ್ದರಿಂದ ಜುಲೈ 4ರಂದು ಜನ 776ಕ್ಕೆ ಕಟ್ಟುತ್ತಾರೆ. ಜೂಜಿನ ದೊರೆ ಟಕರ್ ಆ ಸಂಖ್ಯೆಯನ್ನೇ ಗೆಲ್ಲಿಸುತ್ತಾನೆ. ಏಕೆ? ಗೆದ್ದವರಿಗೆ ಕೊಡಲಾರದೆ ಸಣ್ಣ ಕಟ್ಟೆಗಳು ದಿವಾಳಿಯೆದ್ದರೆ ಅವನ್ನು ನುಂಗಬಹುದಲ್ಲ! ಸಂಚಿನಲ್ಲಿ ಕೈಜೋಡಿಸಿದ ವಕೀಲ ಜೋನ ಅಣ್ಣನೂ ಅಂಥದೊಂದು ಸಣ್ಣ ಕಟ್ಟೆಯವನು. ಕೊನೆಗೆ ನದಿಯ ದಡದಲ್ಲಿ ಹೆಣವಾಗುತ್ತಾನೆ.

ಕರ್ನಾಟಕ ಪೊಲೀಸ್ ಕಾಯ್ದೆಯ 78ನೆಯ ಕಲಮಿನಡಿ ಹೆಚ್ಚಾಗಿ ಸಿಕ್ಕಿಬೀಳುವವನು ಚೀಟಿ ಬರೆಯುವವನು. ಟಕರನಾದರೋ, ಜನ ಗೆದ್ದು ಹಿಗ್ಗಿದ ದಿನವೂ ಲಾಭವನ್ನೇ ಎಣಿಸುತ್ತಾನೆ.