ಹಿರಿಯರ ಹಣ, ಕಿರಿಯರ ಕೈ

ಮನೆಯ ಹಿರಿಯರಿಗೆ ಮೊಣಕಾಲು ಸೋತು ಬ್ಯಾಂಕಿನ ಮೆಟ್ಟಿಲು ಹತ್ತುವುದು ದುಸ್ತರವಾದಾಗ, ಅವರ ಉಳಿತಾಯ ಖಾತೆಯನ್ನು ಮಗನೋ ಮಗಳೋ ಸೋದರಳಿಯನೋ ನೋಡಿಕೊಳ್ಳುವುದು ನಮ್ಮ ಸಂಸಾರಗಳಲ್ಲಿ ವಾಡಿಕೆಯಾಗಿದೆ. ಅದಕ್ಕಾಗಿ ವಕೀಲರಲ್ಲಿಗೆ ಹೋಗಿ ಒಂದು ಮುಖ್ತ್ಯಾರುನಾಮೆಯನ್ನು, ಎಂದರೆ ಈಚಿನವರು ಪವರ್ ಆಫ್ ಅಟಾರ್ನಿ ಎಂದು ಕರೆಯುವ ಅಧಿಕಾರಪತ್ರವನ್ನು, ಬರೆಯಿಸಿ ಪೆಟ್ಟಿಗೆಯಲ್ಲಿಟ್ಟೊಡನೆ ಚಿಂತೆ ಕಳೆಯಿತೆಂದು ಅನೇಕ ಗೃಹಸ್ಥರು ಭಾವಿಸುವರು. ಆದರೆ ಆ ಪತ್ರವು ಏನನ್ನು ಕೊಡುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನು ಬಲ್ಲವರು ವಿರಳ.

ಮೊದಲನೆಯದಾಗಿ, ಪತ್ರ ಬರೆದುಕೊಟ್ಟವರು ಹಣವನ್ನು ಬಿಟ್ಟುಕೊಟ್ಟವರಲ್ಲ. ವಾಚಕರು ಒಂದು ಮನೆಯನ್ನು ಊಹಿಸಿಕೊಳ್ಳಲಿ. ನಿವೃತ್ತ ಉಪಾಧ್ಯಾಯಿನಿಯಾದ ಸೋದರತ್ತೆ. ತಿಂಗಳಿಗೊಮ್ಮೆ ಬರುವ ಪಿಂಚಣಿ, ಒಂದಿಷ್ಟು ಠೇವಣಿ. ಅವರ ಪರವಾಗಿ ರುಜು ಮಾಡುವ ಸೋದರಳಿಯ. ಆತನು ಸಜ್ಜನನೇ. ಆದರೆ ಓಡಾಟದ ಸೌಕರ್ಯಕ್ಕೆಂದು ಅತ್ತೆಯ ಹಣವನ್ನು ತನ್ನ ಖಾತೆಗೆ ಹಾಕಿಕೊಂಡು, ಔಷಧಿಯ ಖರ್ಚನ್ನು ತನ್ನ ಜೇಬಿನಿಂದ ಕೊಡುತ್ತಾನೆ. ಎರಡು ವರ್ಷ ಕಳೆದ ಮೇಲೆ ಯಾವುದು ಯಾರದೆಂದು ಅವನಿಗೇ ತಿಳಿಯದು. ಆಗ ದೂರದ ಊರಿನಲ್ಲಿರುವ ತಂಗಿಯು, “ಅತ್ತೆಯ ಹಣವೆಲ್ಲ ಏನಾಯಿತಣ್ಣಾ?” ಎಂದು ಕೇಳಿದರೆ ಅವನಿಗೆ ಸಿಟ್ಟು ಬರುತ್ತದೆಯೇ ಹೊರತು ಉತ್ತರ ಬರುವುದಿಲ್ಲ. ಇಂಥ ಮನಸ್ತಾಪಗಳಲ್ಲಿ ಹೆಚ್ಚಿನವು ಕಳ್ಳತನದಿಂದಲ್ಲ, ಲೆಕ್ಕವಿಡದಿರುವುದರಿಂದ ಹುಟ್ಟಿದವು ಎಂಬುದು ನಮ್ಮ ಅಭಿಪ್ರಾಯ.

1872ರ ಕರಾರು ಕಾಯಿದೆಯ 213ನೆಯ ಕಲಮಿನಂತೆ, ಅಧಿಕಾರ ಕೊಟ್ಟವರು ಕೇಳಿದಾಗ ಸರಿಯಾದ ಲೆಕ್ಕವನ್ನು ಒಪ್ಪಿಸುವುದು ಮುಖ್ತ್ಯಾರನ ಕರ್ತವ್ಯ. ಒಂದು ಎರಡಾಣೆಯ ನೋಟುಪುಸ್ತಕದ ಕಾಲ ಹೋಯಿತಾದರೂ ಪುಸ್ತಕದ ಅಗತ್ಯ ಹೋಗಿಲ್ಲ. ತಾರೀಖು, ತೆಗೆದ ಮೊತ್ತ, ಕಾರಣ, ರಶೀದಿ, ಇಷ್ಟಿದ್ದರೆ ಸಾಕು. ಹಿರಿಯರ ಹಣವು ಹಿರಿಯರ ಖಾತೆಯಲ್ಲಿಯೇ ಇರಲಿ. ಕಿವಿ ಮಂದವಾಗಿದೆಯೆಂದು ಅವರನ್ನು ಕೇಳದೆಯೇ ಠೇವಣಿಯನ್ನು ಮುರಿಯುವುದು, ಅವರು ಮೊಮ್ಮಗುವಿಗೆ ಕೊಡಬೇಕೆಂದ ಉಡುಗೊರೆಯನ್ನು ದುಂದೆಂದು ತಡೆಯುವುದು, ಇವೆರಡೂ ಸಲ್ಲವು. ಖರ್ಚು ಮಾಡುವ ಇಚ್ಛೆಯೂ ಅವರ ಆಸ್ತಿಯೇ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇವೆ. ಹಿರಿಯರ ಬುದ್ಧಿ ಮಂಕಾಗಿ, ಮಕ್ಕಳ ಹೆಸರೂ ನೆನಪಿಲ್ಲದಂತಾದಾಗಲೇ ಈ ಪತ್ರವು ಉಪಯೋಗಕ್ಕೆ ಬರುವುದೆಂದು ಜನರು ನಂಬಿರುವರು. ಕಾನೂನು ಹೇಳುವುದು ಇದಕ್ಕೆ ತೀರ ವಿರುದ್ಧ. ಅದೇ ಕಾಯಿದೆಯ 201ನೆಯ ಕಲಮಿನ ಪ್ರಕಾರ, ಅಧಿಕಾರ ಕೊಟ್ಟವರು ಮರಣ ಹೊಂದಿದರೆ ಹೇಗೋ ಹಾಗೆಯೇ ಅವರಿಗೆ ಚಿತ್ತಸ್ವಾಸ್ಥ್ಯ ತಪ್ಪಿದರೂ ಅಧಿಕಾರವು ಕೊನೆಗೊಳ್ಳುತ್ತದೆ. ಕೊಡೆಯು ಮಳೆ ಬಂದೊಡನೆ ಮುಚ್ಚಿಕೊಂಡಂತೆ! ಇಂಗ್ಲೆಂಡಿನಲ್ಲಿ 1985ರ ಕಾಯಿದೆಯಿಂದಲೂ, ಅದರ ಬದಲಿಗೆ ಬಂದ 2005ರ ಕಾಯಿದೆಯಿಂದಲೂ, ಬುದ್ಧಿ ಕುಂದಿದ ಮೇಲೆಯೂ ನಡೆಯುವ ಅಧಿಕಾರಪತ್ರಕ್ಕೆ ಅವಕಾಶವಾಗಿದೆ. ನಮ್ಮಲ್ಲಿ ಹಣಕಾಸಿಗೆ ಅಂಥ ಏರ್ಪಾಡಿಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆಯಲ್ಲಿ ಮುಂಚಿತವಾಗಿ ಬರೆದಿಡುವ ನಿರ್ದೇಶನವೊಂದುಂಟು. ಅದು ಚಿಕಿತ್ಸೆಗೆ ಸಂಬಂಧಿಸಿದ್ದು, ಬ್ಯಾಂಕಿನ ಖಾತೆಗಲ್ಲ. ಹೀಗಾಗಿ ಮನೆಯವರು ನ್ಯಾಯಾಲಯದಿಂದ ಪೋಷಕರ ನೇಮಕವನ್ನು ಬೇಡಬೇಕಾಗುತ್ತದೆ. ಪ್ರಜ್ಞೆಯಿಲ್ಲದೆ ಮಲಗಿದವರ ವಿಷಯದಲ್ಲಿ ಕೇರಳದ ಉಚ್ಚ ನ್ಯಾಯಾಲಯವು 2019ರಲ್ಲಿ ಇಂಥ ನೇಮಕಕ್ಕೆ ಕ್ರಮವೊಂದನ್ನು ಗೊತ್ತುಪಡಿಸಿತು. ಅದರ ನಡುವಣ ಕಾಲದಲ್ಲಿ ಮುಖ್ತ್ಯಾರನು ಕೈಕಟ್ಟಿ ಕೂಡತಕ್ಕದ್ದೂ ಅಲ್ಲ: ವಹಿಸಿಕೊಂಡ ಸ್ವತ್ತನ್ನು ಕಾಪಾಡಲು ಯುಕ್ತವಾದ ಕ್ರಮ ಕೈಗೊಳ್ಳಬೇಕೆಂದು 209ನೆಯ ಕಲಮು ವಿಧಿಸುತ್ತದೆ. ಕಾಪಾಡುವುದು ಬೇರೆ, ಹಳೆಯ ಪತ್ರವನ್ನು ತೋರಿಸಿ ಮೊದಲಿನಂತೆ ಹಣ ತೆಗೆಯುತ್ತಿರುವುದು ಬೇರೆ.

ಮನಸ್ಸು ಸ್ವಸ್ಥವಾಗಿದ್ದು ಶರೀರ ಮಾತ್ರ ಕುಗ್ಗಿದ್ದರೆ ದಾರಿ ಸುಲಭ. ರುಜು ಮಾಡಲಾರದವರು ಹೆಬ್ಬೆಟ್ಟಿನ ಅಥವಾ ಕಾಲ್ಬೆರಳಿನ ಗುರುತನ್ನೊತ್ತಬಹುದು. ಅದನ್ನು ಬ್ಯಾಂಕಿಗೆ ಪರಿಚಿತರಾದ ಇಬ್ಬರು ಸಾಕ್ಷಿಗಳು ಗುರುತಿಸಬೇಕು, ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು ಎಂದು ರಿಸರ್ವ್ ಬ್ಯಾಂಕು ತಿಳಿಸಿದೆ. ಎಪ್ಪತ್ತು ದಾಟಿದವರ ಮನೆಗೇ ಬಂದು ನಗದು ಕೊಡುವ, ಪಡೆಯುವ ಸೌಲಭ್ಯವನ್ನು ಒದಗಿಸುವಂತೆ 2017ರಲ್ಲಿ ಬ್ಯಾಂಕುಗಳಿಗೆ ಸೂಚನೆಯಾಯಿತು. ಕೇಳುವವರೇ ಕಡಮೆ. ಅತ್ತೆಯ ಎ.ಟಿ.ಎಂ. ಕಾರ್ಡನ್ನೂ ಅದರ ಗುಪ್ತಸಂಖ್ಯೆಯನ್ನೂ ಅಳಿಯನ ಕೈಗೆ ಕೊಡುವುದಕ್ಕಿಂತ ಇದು ಎಷ್ಟೋ ಮೇಲು.

ಜಂಟಿ ಖಾತೆಯನ್ನು ಮಾಡಿ, “ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು” ಎಂದು ಬರೆಸುವುದೂ ಉಂಟು. ಅನುಕೂಲವೇನೋ ಸರಿ, ಆದರೆ ಸೇರಿಸಿಕೊಂಡವರು ಪೂರ್ತಿ ಮೊತ್ತವನ್ನು ಒಂದೇ ದಿನ ತೆಗೆಯಬಲ್ಲರೆಂಬುದನ್ನು ಹಿರಿಯರು ತಿಳಿದೇ ಒಪ್ಪಬೇಕು. ನಾಮನಿರ್ದೇಶನವು ಮರಣಾನಂತರದ ಮಾತು. 2025ರ ನವೆಂಬರ್ 1ರಿಂದ ನಾಲ್ವರವರೆಗೆ ಹೆಸರಿಸಬಹುದಾಗಿದೆ. ಹೆಸರು ಬರೆಸಿದವರು ಬ್ಯಾಂಕಿನಿಂದ ಹಣ ಪಡೆಯುವರು. ಅಷ್ಟರಿಂದಲೇ ಇತರ ವಾರಸುದಾರರ ಹಕ್ಕು ಅಳಿಯದು. ಉತ್ತರಕ್ರಿಯೆಯ ವೆಚ್ಚಕ್ಕೆಂದು ಸತ್ತವರ ಮುಖ್ತ್ಯಾರುನಾಮೆಯನ್ನು ಹಿಡಿದುಕೊಂಡು ಹೋಗುವುದಂತೂ ಕೂಡದು.

ಪತ್ರ ಬರೆಯಿಸುವ ಮೊದಲೇ ಬ್ಯಾಂಕಿನವರನ್ನು ಕಂಡು ಅವರಿಗೆ ಯಾವ ಬಗೆಯದು ಒಪ್ಪಿಗೆಯೆಂದು ವಿಚಾರಿಸುವುದು ಮೇಲು. ಒಂದೇ ಖಾತೆಯಾದರೆ ಅವರ ಅಚ್ಚಿನ ನಮೂನೆಯ ಅಧಿಕಾರಚೀಟಿಯೇ ಅನೇಕ ಕಡೆ ಸಾಕಾಗುತ್ತದೆ. ಮನೆ, ಹೊಲ, ಖಾತೆ ಎಲ್ಲವನ್ನೂ ಒಂದರಲ್ಲಿ ತುರುಕಬೇಡಿರಿ. ಶಾಖೆಯನ್ನೂ ಖಾತೆಯನ್ನೂ ಹೆಸರಿಸಿ, ಹಣ ತೆಗೆಯುವುದಕ್ಕೆ ಮಾತ್ರವೋ ಠೇವಣಿ ಮುರಿಯುವುದಕ್ಕೂ ಉಂಟೋ ಎಂಬುದನ್ನು ಸ್ಪಷ್ಟವಾಗಿ ಬರೆಯಿಸಿರಿ. ಕೊಟ್ಟ ಅಧಿಕಾರವನ್ನು ಹಿರಿಯರು ಹಿಂತೆಗೆದುಕೊಳ್ಳಬೇಕೆಂದರೆ ಮನೆಯಲ್ಲಿ ಬಾಯಿಮಾತಿನಿಂದ ಹೇಳಿದರೆ ಸಾಲದು. ಬ್ಯಾಂಕಿಗೆ ವಿಷಯ ತಿಳಿಯುವವರೆಗೆ ಅದರ ಮಟ್ಟಿಗೆ ಆ ರದ್ದತಿಯು ನಡೆಯದು. ಆದುದರಿಂದ ಪತ್ರಮುಖೇನ ತಿಳಿಸಿ, ಪತ್ರ ತಲುಪಿತೆಂಬುದಕ್ಕೆ ಮೊಹರು ಹಾಕಿದ ಪ್ರತಿಯೊಂದನ್ನು ಕೇಳಿ ಪಡೆದಿಟ್ಟುಕೊಳ್ಳತಕ್ಕದ್ದು.