ಹೊಳೆಯ ದಾಖಲೆ, ಕಾರ್ಡಿನ ದಾಖಲೆ

ಗೋಕಾಕ ಫಾಲ್ಸ್‌ನಲ್ಲಿರುವ ತಂಗಿಯ ಮನೆಗೆ ಹೋದಾಗ ಸೋದರಳಿಯ ಪಡಸಾಲೆಯಲ್ಲಿ ಕಾರ್ಡು ಹರವಿಕೊಂಡು ಕೂತಿದ್ದ. ಚಿನ್ನದ ಬಣ್ಣದ ಪ್ಲಾಸ್ಟಿಕ್ ಕಾರ್ಡು, ಮೇಲೆ ಪೋಕೆಮಾನ್ ಚಿತ್ರ. ಈ ಆಟಕ್ಕೆ ಪುಸ್ತಕದಷ್ಟು ನಿಯಮಗಳಿವೆ. ಅವನಿಗಾಗಲಿ ಪಕ್ಕದ ಮನೆಯ ಗೆಳೆಯನಿಗಾಗಲಿ ಅವು ಬೇಕಿರಲಿಲ್ಲ. ಕಾರ್ಡಿನ ಮೇಲ್ತುದಿಯಲ್ಲಿ ಎಚ್‌ಪಿ ಎಂದು ಒಂದು ಅಂಕಿ ಇರುತ್ತದೆ, ಅಂದರೆ ಆ ಪ್ರಾಣಿ ಎಷ್ಟು ಏಟು ತಾಳಬಲ್ಲದು ಎಂಬ ಲೆಕ್ಕ. ಯಾರ ಅಂಕಿ ದೊಡ್ಡದೋ ಅವರಿಗೆ ಎರಡೂ ಕಾರ್ಡು.

"ಹಳೇವು ಏನೂ ಉಪಯೋಗಿಲ್ರಿ ಮಾಮಾ. ಹೊಸಾದ್ರಾಗ 330 ಐತಿ."

ನಾವು ಪೈಲ್ವಾನರ ಟ್ರಂಪ್ ಕಾರ್ಡು ಆಡಿದ್ದೂ ಹೀಗೆಯೇ. ಎತ್ತರ, ತೂಕ, ಎದೆಯ ಸುತ್ತಳತೆ ಕೂಗುವುದು, ಗೆದ್ದವನು ಬಾಚಿಕೊಳ್ಳುವುದು. ಒಂದೇ ವ್ಯತ್ಯಾಸ: ಅಲ್ಲಿ ಅಂಕಿಗೆ ಒಬ್ಬ ಮನುಷ್ಯ ಜಾಮೀನಿದ್ದ. ಆಂದ್ರೆ ದಿ ಜೈಂಟ್ 7 ಅಡಿ 4 ಇಂಚು ಎಂದು ಕುಸ್ತಿ ಕಂಪನಿಯವರೇ ಕೊಂಚ ಉಬ್ಬಿಸಿ ಹೇಳುತ್ತಿದ್ದರು, ಆದರೂ 20 ಅಡಿ ಎನ್ನುವ ಹಾಗಿರಲಿಲ್ಲ. ಕಲ್ಪನೆಯ ಪ್ರಾಣಿಗೆ ಆ ಕಡಿವಾಣವಿಲ್ಲ.

ಹೊಸ ಕಂತು ಬಂದಂತೆಲ್ಲ ಕಾರ್ಡಿನ ಬಲ ಒಂದೊಂದೇ ಮೆಟ್ಟಿಲು ಏರಿ ಹಳೆಯವು ಮೂಲೆ ಸೇರುವುದಕ್ಕೆ ಆಟಗಾರರು 'ಪವರ್ ಕ್ರೀಪ್' ಎನ್ನುತ್ತಾರೆ. ಬೆಂಕಿ ಉಗುಳುವ ಚಾರಿಜಾರ್ಡ್ ಅನ್ನೇ ನೋಡಿ. 1999ರ ಇಂಗ್ಲಿಷ್ ಮೊದಲ ಕಂತಿನಲ್ಲಿ ಅದರ ಎಚ್‌ಪಿ 120. ನಡುನಡುವೆ ಬಂದ ಸಾಧಾರಣ ಚಾರಿಜಾರ್ಡ್‌ಗಳನ್ನು ಬಿಟ್ಟು ಹೆಸರಾದವನ್ನಷ್ಟೇ ಎಣಿಸಿದರೆ, 2014ರಲ್ಲಿ 180, 2017ರಲ್ಲಿ 250, 2020ರಲ್ಲಿ 330.

ಅಂಕಿ ಉಬ್ಬಿದ ಮಾತ್ರಕ್ಕೆ ಬಲ ಹೆಚ್ಚಿತು ಎನ್ನಲಾಗದು. 1999ರ ಚಾರಿಜಾರ್ಡ್ ಒಂದು ಸಲಕ್ಕೆ 100ರ ಏಟು ಹಾಕುತ್ತಿತ್ತು. ತನ್ನಂಥದ್ದೇ ಇನ್ನೊಂದನ್ನು ಕೆಡವಲು ಎರಡು ಏಟು ಬೇಕು. 2020ರದು ಹಾಕುವುದು 300. ತನ್ನಂಥದ್ದನ್ನು ಕೆಡವಲು ಅದಕ್ಕೂ ಎರಡೇ ಏಟು. ಸಂಬಳವೂ ಜೋಳದ ದರವೂ ಕೂಡಿಯೇ ಏರಿದಂತೆ, ಒಳಗಿನವರಿಗೆ ಏನೂ ಬದಲಾಗಿಲ್ಲ. ಹಳೆಯದು ಹೊಸದರ ಎದುರು ನಿಂತಾಗ ಬಣ್ಣ ಬಯಲಾಗುತ್ತದೆ: ಹೊಸದನ್ನು ಉರುಳಿಸಲು ಹಳೆಯದಕ್ಕೆ ನಾಲ್ಕು ಏಟು, ಹಳೆಯದನ್ನು ಉರುಳಿಸಲು ಹೊಸದಕ್ಕೆ ಒಂದೇ. ಹಳೆ ನೋಟು ಇಟ್ಟುಕೊಂಡವನೇ ಇಲ್ಲಿ ಬಡವ.

ಇನ್ನೂ ಜಾಣತನದ ಏರಿಕೆಯುಂಟು. 2023ರಲ್ಲಿ ಬಂದ ಚಾರಿಜಾರ್ಡ್‌ನ ಎಚ್‌ಪಿಯೂ 330. ಏರಿಕೆ ನಿಂತಿತೆಂದು ನನ್ನ ಅಳಿಯ ಹೇಳಿಯಾನು. ಆದರೆ 1999ರದಕ್ಕೆ ದೊಡ್ಡ ಏಟು ಹಾಕಲು ನಾಲ್ಕು ಎನರ್ಜಿ ಕಾರ್ಡು ಬೇಕಿದ್ದವು, ಇದಕ್ಕೆ ಎರಡು ಸಾಕು. ಇದು ಮೈದಾನಕ್ಕೆ ಇಳಿಯುವಾಗಲೇ ಕಟ್ಟಿನೊಳಗಿಂದ ಮೂರು ಎನರ್ಜಿ ಎಳೆದುಕೊಳ್ಳುತ್ತದೆ. 2020ರದು ಸತ್ತರೆ ಎದುರಾಳಿಗೆ ಮೂರು ಬಹುಮಾನದ ಕಾರ್ಡು ದಕ್ಕುತ್ತಿದ್ದವು, ಇದು ಸತ್ತರೆ ಎರಡೇ. ಆರು ಬಹುಮಾನಕ್ಕೆ ಮುಗಿಯುವ ಆಟದಲ್ಲಿ ಇದು ದೊಡ್ಡ ರಿಯಾಯಿತಿ.

ಎಲ್ಲವೂ ಕಂಪನಿಯ ದುರಾಸೆಯೇ? ಹಾಗೆಂದು ತೀರ್ಪು ಕೊಡುವ ಮೊದಲು ಒಂದು ಕಬ್ಬಿನ ಹೊಲಕ್ಕೆ ಹೋಗೋಣ, ಗೋಕಾಕ–ಮೂಡಲಗಿ ಸೀಮೆಯಲ್ಲಿ ಅದಕ್ಕೇನು ಬರವಿಲ್ಲ. ಜಲ್ಲೆಗಳ ಸರಾಸರಿ ಎತ್ತರ 10 ಅಡಿ, ಹೆಚ್ಚುಕಡಿಮೆ 1 ಅಡಿಯ ಏರುಪೇರು ಎಂದಿಟ್ಟುಕೊಳ್ಳಿ. ಕಣ್ಣು ಮುಚ್ಚಿ 10 ಜಲ್ಲೆ ಕಡಿದರೆ ಅದರಲ್ಲಿ ಅತಿ ಉದ್ದನೆಯದು ಸುಮಾರು 11.5 ಅಡಿ ಇರುತ್ತದೆ. 100 ಕಡಿದರೆ 12.5. ಸಾವಿರ ಕಡಿದರೆ 13.2. ಹೊಲ ಅದೇ, ಗೊಬ್ಬರ ಅದೇ, ಸರಾಸರಿ ಕದಲಿಲ್ಲ. ಆಯ್ಕೆಗೆ ಸಿಕ್ಕ ಜಲ್ಲೆ ಹೆಚ್ಚಿದ್ದಕ್ಕೇ ಅತಿ ಉದ್ದನೆಯದರ ಎತ್ತರ ಏರಿತು. ಕಾರ್ಡಾಟದವನು ಮಾಡುವುದೂ ಇದನ್ನೇ. ಸಾವಿರಾರು ಕಾರ್ಡುಗಳಲ್ಲಿ ಅತ್ಯುತ್ತಮ 60 ಮಾತ್ರ ಆರಿಸಿ ಕಟ್ಟು ಹೊಂದಿಸುತ್ತಾನೆ. ಕಂಪನಿ ಪ್ರಾಮಾಣಿಕವಾಗಿ ಅದೇ ಮಟ್ಟದ ಕಾರ್ಡು ಮಾಡುತ್ತ ಹೋದರೂ ಅವನ ಕಟ್ಟು ಬಲಿಯುತ್ತದೆ.

ಜೋಡಿಗಳ ಕಾಟ ಬೇರೆ. ಒಂದೊಂದೇ ನೋಡಿದರೆ ಸಾಧುವಾದ ಎರಡು ಕಾರ್ಡು ಸೇರಿದಾಗ ಹುಲಿಯಾಗಬಹುದು. 100 ಕಾರ್ಡಿಗೆ 4,950 ಜೋಡಿ, ಸಾವಿರಕ್ಕೆ 4,99,500. ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ 1993ರಲ್ಲಿ ರೂಪಿಸಿದ 'ಮ್ಯಾಜಿಕ್' ಎಂಬ ಆಟದಲ್ಲಿ ಈಗ 25 ಸಾವಿರಕ್ಕೂ ಹೆಚ್ಚು ಬಗೆಯ ಕಾರ್ಡುಗಳಿವೆ, ಅಂದರೆ 31 ಕೋಟಿಗೂ ಮಿಕ್ಕ ಜೋಡಿಗಳು. ಕೂತು ಪರೀಕ್ಷಿಸಿ ಮುಗಿಯುವ ಲೆಕ್ಕವಲ್ಲ.

ಹಾಗಾದರೆ ತಾನಾಗಿ ಏರಿದ್ದೆಷ್ಟು, ಬೇಕೆಂದೇ ಏರಿಸಿದ್ದೆಷ್ಟು ಎಂದು ಹೇಗೆ ಅಳೆಯುವುದು? ಅದಕ್ಕೆ ಘಟಪ್ರಭೆಯ ದಂಡೆಯೇ ಸರಿಯಾದ ಜಾಗ.

52 ಮೀಟರ್ ಧುಮುಕುವ ಇಲ್ಲಿನ ಜಲಪಾತ ನೋಡಲು ಪ್ರತಿ ಮಳೆಗಾಲ ಜನ ತೂಗುಸೇತುವೆಗೆ ಮುಗಿಬೀಳುತ್ತಾರೆ, ಪ್ರತಿ ವರ್ಷವೂ ಯಾರಾದರೊಬ್ಬರು 'ಇಷ್ಟು ನೀರು ಎಂದೂ ಬಂದಿರಲಿಲ್ಲ' ಎನ್ನುತ್ತಾರೆ. 2019ರ ಆಗಸ್ಟ್‌ನಲ್ಲಿ ಗೋಕಾಕ ಪಟ್ಟಣದೊಳಕ್ಕೇ ಹೊಳೆ ನುಗ್ಗಿದಾಗ ಆ ಮಾತಿಗೆ ತೂಕವಿತ್ತು. ಮಳೆಯ ಗುಣ ಬದಲಾಗಿಲ್ಲ ಎಂದುಕೊಂಡರೆ, ದಾಖಲೆ ಮುರಿಯುವುದಕ್ಕೆ ಒಂದು ಸರಳ ಲೆಕ್ಕವಿದೆ. ಎಣಿಕೆಯ ಮೊದಲ ವರ್ಷ ಹೇಗೂ ದಾಖಲೆ. ಎರಡನೆಯ ವರ್ಷದ ನೆರೆ ಅದನ್ನು ಮೀರುವ ಸಾಧ್ಯತೆ ಅರ್ಧ. ಮೂರನೆಯದು ಹಿಂದಿನೆರಡನ್ನೂ ಮೀರುವ ಸಾಧ್ಯತೆ ಮೂರರಲ್ಲಿ ಒಂದು. ನೂರನೆಯ ವರ್ಷಕ್ಕೆ ನೂರರಲ್ಲಿ ಒಂದು. ಇವನ್ನೆಲ್ಲ ಕೂಡಿದರೆ ಹತ್ತು ವರ್ಷಕ್ಕೆ ಸರಾಸರಿ ಮೂರು ದಾಖಲೆ, ನೂರು ವರ್ಷಕ್ಕೆ ಐದು ಅಷ್ಟೇ. ದಾಖಲೆಗಳು ವಿರಳವಾಗುತ್ತ ಹೋಗಬೇಕು. ಹೋಗದಿದ್ದರೆ ಮಳೆಯೋ ಹೊಳೆಯ ಪಾತ್ರವೋ ಬದಲಾಗಿದೆ ಎಂದು ಅರ್ಥ. (ಮೇಲ್ಗಡೆ ಹಿಡಕಲ್ ಅಣೆಕಟ್ಟಿನ ಗೇಟು ತೆಗೆಯುವವರ ಕೈವಾಡವೂ ನೆರೆಯಲ್ಲಿ ಸೇರಿರುವುದರಿಂದ ಘಟಪ್ರಭೆಗೆ ಈ ಲೆಕ್ಕ ಅಚ್ಚುಕಟ್ಟಾಗಿ ಹೊಂದುವುದಿಲ್ಲ.)

ಕಾರ್ಡಿಗೂ ಇದೇ ಅಳತೆಗೋಲು. ಕಬ್ಬಿನ ಹೊಲದ ಏರಿಕೆಯನ್ನು ಮತ್ತೆ ನೋಡಿ: ಹತ್ತರಿಂದ ನೂರಕ್ಕೆ ಹೋದಾಗ ಒಂದಡಿ ಹೆಚ್ಚಿತು, ನೂರರಿಂದ ಸಾವಿರಕ್ಕೆ ಅಷ್ಟೂ ಇಲ್ಲ. ತಾನಾಗಿ ಏರುವ ಬಲ ದಣಿಯುತ್ತದೆ. 120, 180, 250, 330 ದಣಿದವನ ಹೆಜ್ಜೆಗಳಲ್ಲ: 60, 70, 80 ಎಂದು ಜಿಗಿತವೇ ಬೆಳೆಯುತ್ತಿದೆ. ಇದು ಕೈಯಾರೆ ಏರಿಸಿದ್ದು ಎಂಬುದು ನನ್ನ ತೀರ್ಮಾನ.

ಏರಿಸುವುದೇಕೆ ಎಂಬುದಕ್ಕೆ ಗಂಜೀಫಾ ಉತ್ತರ ಹೇಳುತ್ತದೆ. ನೆರೆಯ ಸಾವಂತವಾಡಿಯಲ್ಲಿ ಈಗಲೂ ಕೈಯಲ್ಲಿ ಬಣ್ಣ ಬಳಿದು ಮಾಡುವ ದಶಾವತಾರ ಗಂಜೀಫಾದಲ್ಲಿ 120 ಎಲೆ, ಹತ್ತು ಅವತಾರಕ್ಕೆ ಹನ್ನೆರಡರಂತೆ. ಅಲ್ಲಿ ರಾಜನನ್ನು ಮೀರಿದ ಎಲೆ ಮುಂದಿನ ವರ್ಷ ಬರುವುದಿಲ್ಲ. ಒಮ್ಮೆ ಕೊಂಡವನು ಸವೆಯುವವರೆಗೆ ಅಂಗಡಿಗೆ ಹೋಗಬೇಕಿಲ್ಲ. ಮೂರು ತಿಂಗಳಿಗೊಮ್ಮೆ ಹೊಸ ಕಂತು ಮಾರಬೇಕಾದವನಿಗೆ ಅಂಥ ಗಿರಾಕಿ ಬೇಡ.

ಕಂಪನಿಗಳಿಗೂ ಇದರ ಅಪಾಯ ಗೊತ್ತು. ಮ್ಯಾಜಿಕ್‌ನವರು 1995ರಲ್ಲೇ ಇತ್ತೀಚಿನ ಕಂತುಗಳಿಗೆ ಮಾತ್ರ ಅವಕಾಶವಿರುವ ಪಂದ್ಯ ಆರಂಭಿಸಿದರು. ಪೋಕೆಮಾನ್ ಕಾರ್ಡಿನ ಕೆಳಮೂಲೆಯಲ್ಲಿ ಈಗ ಒಂದು ಇಂಗ್ಲಿಷ್ ಅಕ್ಷರವಿರುತ್ತದೆ, 2020ರ ಚಾರಿಜಾರ್ಡ್‌ಗೆ ಡಿ, 2023ರದಕ್ಕೆ ಜಿ. ಅಕ್ಷರ ಹಳತಾದರೆ ಮುಖ್ಯ ಪಂದ್ಯದಿಂದ ಆ ಕಾರ್ಡು ಹೊರಗೆ. ಏರಿಕೆ ಇದರಿಂದ ನಿಲ್ಲುವುದಿಲ್ಲ, ಹಳೆಯದಕ್ಕೆ ಗೌರವದ ನಿವೃತ್ತಿ ಸಿಗುತ್ತದೆ, ಅಷ್ಟೆ.

ನಿಮ್ಮ ಮನೆಯಲ್ಲೂ ಇಂಥ ಕಾರ್ಡಿನ ಹುಚ್ಚಿದ್ದರೆ ಮಕ್ಕಳಿಗೆ ಒಂದು ನೋಟುಬುಕ್ಕು ಕೊಡಿ. ಒಂದೇ ಗಾತ್ರದ ಹತ್ತು ಪ್ಯಾಕು, ಅವು ಬಿಡುಗಡೆಯಾದ ಕ್ರಮದಲ್ಲೇ. ಪ್ರತಿಯೊಂದರ ಅತಿ ದೊಡ್ಡ ಅಂಕಿ ಬರೆದು, ದಾಖಲೆ ಎಷ್ಟು ಸಲ ಮುರಿಯಿತೆಂದು, ಮೊದಲ ಪ್ಯಾಕನ್ನೂ ಸೇರಿಸಿ, ಎಣಿಸಲಿ. ಮೂರರ ಆಸುಪಾಸು ಬಂದರೆ ಸಹಜ. ಆರು ಅಥವಾ ಅದಕ್ಕಿಂತ ಹೆಚ್ಚು ಬರುವುದು ಬರೀ ಅದೃಷ್ಟದಿಂದಾದರೆ ನೂರಕ್ಕೆ ಎರಡು ಸಲ ಮಾತ್ರ.