ಎಳೆಯರ ಬರಹ, ಹಿರಿಯರ ತಿದ್ದುಪಡಿ

ನಮ್ಮ ಪ್ರೌಢಶಾಲೆಗಳಲ್ಲಿ ವಿದ್ಯಾರ್ಥಿಗಳ ಪತ್ರಿಕೆಯನ್ನು ಹೊರತರುವ ಪದ್ಧತಿ ಹಳೆಯದು. ಕೆಲವು ಕಡೆ ಅದು ಗೋಡೆಯ ಮೇಲೆ ತೂಗುತ್ತದೆ. ಕೆಲವು ಕಡೆ ಕೈಬರಹದ ಸಂಚಿಕೆಯಾಗಿ ವಾಚನಾಲಯದ ಮೇಜನ್ನು ಸೇರುತ್ತದೆ. ಅನುಕೂಲವುಳ್ಳ ಕಡೆ ವರ್ಷಕ್ಕೊಮ್ಮೆ ಅಚ್ಚಾಗಿ ವಾರ್ಷಿಕೋತ್ಸವದ ಅತಿಥಿಗಳ ಕೈಗೆ ಹೋಗುತ್ತದೆ. ಇಂಥ ನಾಲ್ಕಾರು ಸಂಚಿಕೆಗಳನ್ನು ಒಟ್ಟಿಗೆ ಓದಿದವರಿಗೆ ಒಂದು ವಿಷಯ ಹೊಳೆಯದೆ ಇರದು. ಕವಿತೆಗಳೆಲ್ಲ ಒಂದೇ ಲೇಖನಿಯಿಂದ ಹೊರಟಂತೆ ಕಾಣುತ್ತವೆ. ಹದಿನಾಲ್ಕರ ಹುಡುಗನೂ ಹದಿನಾರರ ಹುಡುಗಿಯೂ ತಾಯಿ ಭುವನೇಶ್ವರಿಗೆ ನಮಿಸಿ, ನಿಸರ್ಗದ ಸೊಬಗನ್ನು ಹೊಗಳಿ, ಗುರುಹಿರಿಯರನ್ನು ನೆನೆದು ಮುಗಿಸಿರುತ್ತಾರೆ. ಇವರಿಗೆ ಹೇಳುವುದಕ್ಕೆ ಬೇರೇನೂ ಇಲ್ಲವೇ ಎಂದು ಕೇಳಿದರೆ, ಬೇಕಾದಷ್ಟು ಇದೆ ಎನ್ನಬೇಕು. ಅದು ಪತ್ರಿಕೆಗೆ ಬರುವ ದಾರಿಯಲ್ಲಿ ಎಲ್ಲೋ ಉದುರಿಹೋಗಿರುತ್ತದೆ. ಎಲ್ಲಿ ಉದುರುತ್ತದೆ, ಉದುರದಂತೆ ನೋಡಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಶಾಲೆಯಲ್ಲಿ ಬರೆಯುವ ಪ್ರಬಂಧಕ್ಕೆ ಒಬ್ಬನೇ ಓದುಗ. ಅವನ ಕೈಯಲ್ಲಿ ಕೆಂಪು ಮಸಿಯ ಲೇಖನಿ ಇರುತ್ತದೆ. ಅವನು ಓದುವುದು ಅಂಕ ಕೊಡುವುದಕ್ಕಾಗಿ. ಪತ್ರಿಕೆಯ ಓದುಗನಾದರೋ, ಬರೆದವರು ಏನು ಹೇಳಿದ್ದಾರೆಂದು ತಿಳಿಯುವುದಕ್ಕಾಗಿ ಓದುತ್ತಾನೆ. ಹದಿಹರೆಯದಲ್ಲಿ ಇಂಥ ಓದುಗ ದೊರೆಯುವುದು ದೊಡ್ಡ ಸಂಗತಿ. ಮಗುವೆಂದು ಮುದ್ದಿಸುವವರೂ ಇಲ್ಲ, ದೊಡ್ಡವರೆಂದು ಮಾತಿಗೆ ಕರೆಯುವವರೂ ಇಲ್ಲ ಎಂಬಂಥ ವಯಸ್ಸು ಅದು. ತಾನು ಕಂಡದ್ದು ಇನ್ನೊಬ್ಬರು ಕೇಳುವಷ್ಟು ಬೆಲೆಯುಳ್ಳದ್ದೇ ಎಂಬ ಪ್ರಶ್ನೆ ಒಳಗೊಳಗೇ ಕಾಡುತ್ತಿರುತ್ತದೆ. ಓದಿದವರಲ್ಲದೆ ಉಳಿದ ಜನರೂ ತಮ್ಮ ತಮ್ಮ ನುಡಿಯಲ್ಲಿ ಜಾಣರೆಂದು ಹೇಳುವಾಗ ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕಿರುಮಕ್ಕಳನ್ನೂ ಮರೆಯದೆ ಸೇರಿಸಿಕೊಂಡಿದೆ. ಆದಕಾರಣ ಕನ್ನಡಿಗರಿಗೆ ಇದು ಹೊಸ ತತ್ತ್ವವೇನಲ್ಲ. ಆಚರಣೆಗೆ ತರುವುದಷ್ಟೇ ಕಷ್ಟ.

ಹೇಗೆ ಆಚರಣೆಗೆ ತರಬಹುದೆಂಬುದಕ್ಕೆ ದೂರದೇಶದ ಒಂದು ಪತ್ರಿಕೆಯ ವೃತ್ತಾಂತವನ್ನು ಹೇಳಬೇಕು. ಎಳೆಯರು ನಡೆಸಿದ ಪತ್ರಿಕೆಗಳಲ್ಲಿ ಇಷ್ಟು ಕಠಿನವಾದ ಪರೀಕ್ಷೆಗೆ ಒಳಗಾದುದು ಅಪರೂಪ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ನಾಜಿಗಳು ಚೆಕ್ ದೇಶವನ್ನು ಆಕ್ರಮಿಸಿಕೊಂಡಿದ್ದರು. ಪ್ರಾಗ್ ನಗರದ ಉತ್ತರಕ್ಕಿರುವ ತೆರೆಜಿನ್ ಎಂಬ ಹಳೆಯ ಕೋಟೆಯ ಊರನ್ನು ೧೯೪೧ರಲ್ಲಿ ಯಹೂದಿಗಳ ಸೆರೆಬೀಡಾಗಿ ಮಾಡಿದರು. ಅಲ್ಲಿಗೆ ತಂದ ಜನರನ್ನು ಕೆಲವು ಕಾಲ ಕೂಡಿಟ್ಟು, ಬಳಿಕ ಆಷ್‌ವಿಟ್ಸ್ ಮೊದಲಾದ ಕಡೆಗೆ ಸಾವಿಗೆ ಕಳುಹಿಸುತ್ತಿದ್ದರು. ಅಲ್ಲಿ ಮಕ್ಕಳಿಗೆ ಪಾಠ ಹೇಳುವುದು ನಿಷಿದ್ಧವಾಗಿತ್ತು. ಆದರೂ ಹಿಂದೆ ಶಾಲೆಯಾಗಿದ್ದ ಒಂದು ಕಟ್ಟಡದಲ್ಲಿ ಹದಿಮೂರರಿಂದ ಹದಿನೈದು ವರ್ಷದ ಹುಡುಗರನ್ನು ಇರಿಸಿದ್ದ ಕೊಠಡಿಯಲ್ಲಿ, ವಾಲ್ಟರ್ ಐಸಿಂಗರ್ ಎಂಬ ತರುಣ ಉಪಾಧ್ಯಾಯರು ಗುಟ್ಟಾಗಿ ಪಾಠ ನಡೆಸಿದರು. ಅವರ ಪ್ರೋತ್ಸಾಹದಿಂದ ಹುಡುಗರು ೧೯೪೨ರ ಡಿಸೆಂಬರಿನಲ್ಲಿ ಒಂದು ವಾರಪತ್ರಿಕೆಯನ್ನು ಆರಂಭಿಸಿದರು. ಅದಕ್ಕೆ 'ವೆದೆಮ್' ಎಂದು ಹೆಸರಿಟ್ಟರು. ಚೆಕ್ ಭಾಷೆಯಲ್ಲಿ ಅದಕ್ಕೆ 'ನಾವು ಮುಂದಿದ್ದೇವೆ' ಎಂಬ ಅರ್ಥವುಂಟು.

ಪತ್ರಿಕೆಯ ಸಂಪಾದಕ ಪೆಟ್ರ್ ಗಿಂಜ್. ಆಗ ಅವನಿಗೆ ಹದಿನಾಲ್ಕು ವರ್ಷ. ಉಪಾಧ್ಯಾಯರೂ ಆಗಾಗ ಬರೆಯುತ್ತಿದ್ದರು. ಸಂಪಾದಕನ ಆಸನದಲ್ಲಿ ಮಾತ್ರ ಅವರು ಕೂಡಲಿಲ್ಲ. ಲೇಖನಗಳಿಗಾಗಿ ಗೆಳೆಯರ ಬೆನ್ನುಹತ್ತುವುದು ಪೆಟ್ರ್‌ನ ಕೆಲಸ. ಕೊಡದವರಿಗೆ ತನಗೆ ಬಂದ ತಿಂಡಿಯ ಪೊಟ್ಟಣದಲ್ಲಿ ಪಾಲು ಕೊಟ್ಟು ಬರೆಯಿಸುತ್ತಿದ್ದ. ಆಗಲೂ ಪುಟ ತುಂಬದಿದ್ದರೆ ಬೇರೆ ಬೇರೆ ಗುಪ್ತನಾಮಗಳಿಂದ ತಾನೇ ಬರೆಯುತ್ತಿದ್ದ. ಸಂಪಾದಕರಾದವರಿಗೆಲ್ಲ ಈ ಪಾಡು ಗೊತ್ತಿರುವುದೇ. ಮೊದಲು ಬೆರಳಚ್ಚು ಯಂತ್ರವಿತ್ತು. ಅದರ ರಿಬ್ಬನ್ ಮುಗಿದ ಮೇಲೆ ಕೈಯಲ್ಲಿ ಬರೆದರು. ಪ್ರತಿ ವಾರಕ್ಕೆ ಇದ್ದುದು ಒಂದೇ ಪ್ರತಿ. ಶುಕ್ರವಾರದ ಸಂಜೆ ಹುಡುಗರೆಲ್ಲ ಸೇರಿ ಕುಳಿತಾಗ ಬರೆದವರು ತಮ್ಮ ತಮ್ಮ ಬರಹವನ್ನು ಗಟ್ಟಿಯಾಗಿ ಓದುತ್ತಿದ್ದರು. ಅದೇ ಆ ಪತ್ರಿಕೆಯ ಪ್ರಕಟಣೆ.

ಅದರಲ್ಲಿ ಏನಿತ್ತು ಎಂಬುದು ನಮಗೆ ಮುಖ್ಯ. ಕವಿತೆಗಳಿದ್ದವು, ಕಥೆಗಳಿದ್ದವು, ಚಿತ್ರಗಳಿದ್ದವು, ಒಬ್ಬರನ್ನೊಬ್ಬರು ಗೇಲಿಮಾಡಿದ ಚಾಟೂಕ್ತಿಗಳಿದ್ದವು. ತೆರೆಜಿನ್‌ನಲ್ಲಿ ಸುತ್ತಾಟ ಎಂಬ ಅಂಕಣಕ್ಕಾಗಿ ಪೆಟ್ರ್ ಆ ಸೆರೆಯೂರಿನ ರೊಟ್ಟಿಯ ಭಟ್ಟಿಗೆ ಹೋದ, ಬೆಂಕಿ ಆರಿಸುವ ದಳದವರನ್ನು ಕಂಡ, ಹೆಣ ಸುಡುವ ಮನೆಯನ್ನೂ ನೋಡಿಬಂದು ಬರೆದ. ಯಾರೂ ಅವನಿಗೆ 'ಇದು ಮಕ್ಕಳು ಬರೆಯತಕ್ಕ ವಿಷಯವಲ್ಲ, ವಸಂತಕಾಲದ ಮೇಲೆ ಬರೆ' ಎಂದು ಹೇಳಲಿಲ್ಲ. ಹೇಳಿದ್ದರೆ ಇಂದು ನಮಗೆ ವಸಂತಕಾಲದ ಮೇಲೊಂದು ಪದ್ಯ ಉಳಿಯುತ್ತಿತ್ತು. ಆ ಊರನ್ನು ಹುಡುಗನ ಕಣ್ಣಿನಿಂದ ನೋಡುವ ಬಾಗಿಲು ಮುಚ್ಚಿಹೋಗುತ್ತಿತ್ತು.

ಪೆಟ್ರ್‌ನನ್ನು ೧೯೪೪ರ ಸೆಪ್ಟೆಂಬರಿನಲ್ಲಿ ಆಷ್‌ವಿಟ್ಸ್‌ಗೆ ಒಯ್ದು ಕೊಂದರು. ಆಗ ಅವನಿಗೆ ಹದಿನಾರು. ಐಸಿಂಗರ್ ಅವರೂ ಉಳಿಯಲಿಲ್ಲ. ಆ ಪತ್ರಿಕೆಯೊಡನೆ ಸಂಬಂಧವಿದ್ದ ಸುಮಾರು ೧೦೦ ಹುಡುಗರಲ್ಲಿ ಬದುಕಿ ಬಂದವರು ೧೫ ಮಂದಿ. ಅವರಲ್ಲೊಬ್ಬನಾದ ಜ್ದೆನೆಕ್ ತೌಸಿಗ್ ಎಂಬ ಹುಡುಗ ೧೯೪೫ರಲ್ಲಿ ಬಿಡುಗಡೆಯಾಗುವವರೆಗೆ ಪತ್ರಿಕೆಯ ಹಾಳೆಗಳನ್ನು ಕಮ್ಮಾರಸಾಲೆಯಲ್ಲಿ ಅಡಗಿಸಿ ಕಾಪಾಡಿದ. ಹೀಗೆ ಸುಮಾರು ೮೦೦ ಪುಟಗಳು ಉಳಿದುಬಂದವು. ಪೆಟ್ರ್ ಬರೆದ ಚಿತ್ರವೊಂದರಲ್ಲಿ, ಚಂದ್ರನ ಬೆಟ್ಟಗಳ ನಡುವೆ ನಿಂತವನಿಗೆ ಭೂಮಿ ಕಾಣುತ್ತಿದೆ. ಅದರ ಒಂದು ಪ್ರತಿಯನ್ನು ಇಸ್ರೇಲಿನ ಇಲಾನ್ ರಮೋನ್ ಅವರು ೨೦೦೩ರಲ್ಲಿ ಕೊಲಂಬಿಯ ನೌಕೆಯಲ್ಲಿ ಬಾಹ್ಯಾಕಾಶಕ್ಕೆ ಕೊಂಡೊಯ್ದರು. ನಮ್ಮ ದೇಶದಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಅವರೂ ಇದ್ದ ಆ ನೌಕೆ ಫೆಬ್ರವರಿ ೧ರಂದು ಭೂಮಿಗೆ ಹಿಂದಿರುಗುವಾಗ ಒಡೆದುಹೋಯಿತು. ಪೆಟ್ರ್ ಬದುಕಿದ್ದರೆ ಅಂದು ಅವನಿಗೆ ಎಪ್ಪತ್ತೈದು ತುಂಬುತ್ತಿತ್ತು. ಮೂಲಚಿತ್ರ ಜೆರೂಸಲೇಮಿನಲ್ಲಿ ಭದ್ರವಾಗಿದೆ.

ಅದೇ ತೆರೆಜಿನ್‌ನಲ್ಲಿ ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಎಂಬ ಕಲಾವಿದೆ ಮಕ್ಕಳಿಗೆ ಚಿತ್ರ ಕಲಿಸುತ್ತಿದ್ದರು. ಸೆರೆಯಲ್ಲಿ ಮಕ್ಕಳಿಗೆ ಎಣಿಕೆಯ ಸಂಖ್ಯೆ ಬಿದ್ದಿತ್ತು. ಇವರು ಮಾತ್ರ ಪ್ರತಿಯೊಂದು ಚಿತ್ರದ ಮೇಲೂ ಮಗು ತನ್ನ ಹೆಸರನ್ನು ಬರೆಯಬೇಕೆಂದು ಹೇಳುತ್ತಿದ್ದರು. ಸಾವಿನ ಕಡೆಗೆ ಹೊರಡುವ ಮೊದಲು ಪೆಟ್ಟಿಗೆಗಳಲ್ಲಿ ತುಂಬಿಸಿಟ್ಟುಹೋದ ಸುಮಾರು ೪,೫೦೦ ಚಿತ್ರಗಳು ಇಂದು ಪ್ರಾಗ್‌ನ ಯಹೂದಿ ವಸ್ತುಸಂಗ್ರಹಾಲಯದಲ್ಲಿವೆ. ಅನೇಕ ಮಕ್ಕಳ ವಿಷಯದಲ್ಲಿ ಉಳಿದಿರುವುದು ಆ ಹೆಸರು, ಆ ಚಿತ್ರ, ಇಷ್ಟೆ.

ನಮ್ಮ ಮಕ್ಕಳಿಗೆ ದೇವರ ದಯದಿಂದ ಅಂಥ ಗತಿ ಒದಗಿಲ್ಲ. ಆದರೆ ಆ ಹುಡುಗರ ಉಪಾಧ್ಯಾಯರು ಪಾಲಿಸಿದ ನಿಯಮ ನಮಗೂ ಸಲ್ಲುತ್ತದೆ. ಬರಹ ಬರೆದವನದು, ಹಿರಿಯನು ಅದಕ್ಕೆ ಜಾಗ ಮಾಡಿಕೊಡಬೇಕು, ಕೇಳಬೇಕು. ಕನ್ನಡದಲ್ಲೂ ಇದಕ್ಕೆ ಪ್ರಸಿದ್ಧವಾದ ನಿದರ್ಶನವಿದೆ. ಕುವೆಂಪು ಅವರು ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗ, ಹದಿನೇಳನೆಯ ವಯಸ್ಸಿನಲ್ಲಿ, 'ಬಿಗಿನರ್ಸ್ ಮ್ಯೂಸ್' ಎಂಬ ಇಂಗ್ಲಿಷ್ ಕವಿತೆಗಳ ಚಿಕ್ಕ ಪುಸ್ತಕ ಅಚ್ಚಾಯಿತು. ಅದು ೧೯೨೨ರ ಮಾತು. ೧೯೨೪ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತರುಣ ಕವಿ ತನ್ನ ಇಂಗ್ಲಿಷ್ ಪದ್ಯಗಳನ್ನು ತೋರಿಸಿದರು. ಹಿರಿಯ ಕವಿ ಸಾಲುಗಳನ್ನು ತಿದ್ದಲು ಕೂಡಲಿಲ್ಲ; ನಿಮ್ಮ ಭಾಷೆಯಲ್ಲಿ ಏನು ಬರೆದಿದ್ದೀರಿ ಎಂದು ವಿಚಾರಿಸಿ, ಅದರಲ್ಲೇ ಬರೆಯಿರಿ ಎಂದರು. ಆ ಒಂದು ಪ್ರಶ್ನೆಯಿಂದ ಕನ್ನಡಕ್ಕಾದ ಲಾಭ ಎಷ್ಟೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಸಾಲುಗಳನ್ನಷ್ಟೇ ತಿದ್ದಿದ್ದರೆ ಒಂದಿಷ್ಟು ಒಳ್ಳೆಯ ಇಂಗ್ಲಿಷ್ ಪದ್ಯಗಳಾಗುತ್ತಿದ್ದವೇನೋ.

ಇನ್ನು ಶಾಲೆಯ ಪತ್ರಿಕೆಗೆ ಬರೋಣ. ತಿದ್ದಲೇಬಾರದೇ ಎಂದು ಯಾರಾದರೂ ಕೇಳಬಹುದು. ತಿದ್ದಬೇಕು, ಆದರೆ ಏನನ್ನು ಎಂಬ ವಿವೇಕ ಬೇಕು. ಅಲ್ಪಪ್ರಾಣ ಮಹಾಪ್ರಾಣಗಳು ತಪ್ಪಿದ್ದರೆ, ಒತ್ತು ಬಿಟ್ಟಿದ್ದರೆ, ಬರೆದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸರಿಪಡಿಸಬೇಕು. ಅದು ಕಾಗುಣಿತ. ಧಾರವಾಡದ ಕಡೆಯ ಹುಡುಗ ತನ್ನ ಕಥೆಯ ಅಜ್ಜಿಯ ಬಾಯಲ್ಲಿ 'ಎಲ್ಲಿಗೆ ಹೊಂಟೀಯೋ' ಎಂದು ಬರೆದಿದ್ದರೆ ಅದನ್ನು 'ಎಲ್ಲಿಗೆ ಹೋಗುತ್ತಿರುವೆ' ಎಂದು ಮಾಡಬಾರದು. ಅದು ಅಜ್ಜಿಯ ನುಡಿ. ಅದಕ್ಕೆ ವ್ಯಾಕರಣದ ದಂಡನೆ ಸಲ್ಲದು.

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಹೀಗೊಂದು ಸಾಲು ಬರೆದುಕೊಟ್ಟಳೆನ್ನೋಣ: 'ಮಳೆ ಬಂದರೆ ನಮ್ಮ ಮನೆಯಲ್ಲಿ ಪಾತ್ರೆಗಳಿಗೆಲ್ಲ ಕೆಲಸ.' ಉತ್ಸಾಹಿಯಾದ ಉಪಾಧ್ಯಾಯರು ಇದನ್ನು 'ವರ್ಷಧಾರೆಯು ಇಳೆಯ ತಾಪವ ತಣಿಸಿತು' ಎಂದು ತಿದ್ದಿಕೊಟ್ಟಾರು. ಮಾತು ಗಂಭೀರವಾಯಿತು, ಸೋರುವ ಮಾಡು ಮಾಯವಾಯಿತು, ಅದರ ಕೆಳಗೆ ನಿದ್ದೆಗೆಟ್ಟು ಕುಳಿತ ಹುಡುಗಿಯೂ ಮಾಯವಾದಳು. ಅಚ್ಚಾದ ಪದ್ಯದ ಕೆಳಗೆ ಅವಳ ಹೆಸರಿರುತ್ತದೆ, ಮನೆಯವರು ಸಂತೋಷಪಡುತ್ತಾರೆ. ಅವಳೊಬ್ಬಳಿಗೆ ಮಾತ್ರ ಅದು ತನ್ನದಲ್ಲವೆಂದು ತಿಳಿದಿರುತ್ತದೆ. ತನ್ನ ಮನೆಯ ಮಾತು ಬರಹಕ್ಕೆ ತಕ್ಕದ್ದಲ್ಲ ಎಂಬ ಪಾಠವನ್ನು ಅವಳು ಅಂದು ಕಲಿಯುತ್ತಾಳೆ. ಮುಂದಿನ ಸಲ ವರ್ಷಧಾರೆಯಿಂದಲೇ ಆರಂಭಿಸುತ್ತಾಳೆ. ಮೊದಲು ಹೇಳಿದ ಉದುರುವಿಕೆ ನಡೆಯುವುದು ಇಲ್ಲಿಯೇ. ಅದರ ಬದಲು 'ಯಾವ ಪಾತ್ರೆಯನ್ನು ಎಲ್ಲಿ ಇಡುತ್ತೀರಮ್ಮ?' ಎಂದು ಕೇಳಿ ನೋಡಿ. 'ಹಾಲಿನ ತಪ್ಪಲೆ ಅಜ್ಜಿಯ ಹಾಸಿಗೆಯ ಹತ್ತಿರ' ಎನ್ನುತ್ತಾಳೆ. ಎರಡನೆಯ ಸಾಲು ಸಿಕ್ಕಿತು.

ಆಯ್ಕೆಯ ಕೆಲಸವನ್ನು ಸಾಧ್ಯವಾದ ಮಟ್ಟಿಗೆ ವಿದ್ಯಾರ್ಥಿಗಳಿಗೇ ಬಿಡುವುದು ಲೇಸು. ಬೇರೆ ಬೇರೆ ತರಗತಿಯ ಐದಾರು ಮಂದಿಯ ಮಂಡಲಿಯೊಂದಿರಲಿ. ಬರೆದವರ ಹೆಸರನ್ನು ಮುಚ್ಚಿಟ್ಟು ಓದಲಿ. ಸ್ವೀಕರಿಸದ ಬರಹವನ್ನು ಹಿಂದಿರುಗಿಸುವಾಗ ಕಾರಣವನ್ನು ಎರಡು ಸಾಲಿನಲ್ಲಿ ಬರೆದುಕೊಡಬೇಕು. 'ಚೆನ್ನಾಗಿಲ್ಲ' ಎಂಬುದು ಕಾರಣವಲ್ಲ. 'ಕೊನೆಯಲ್ಲಿ ತಮ್ಮ ಏನಾದನೆಂದು ತಿಳಿಯಲಿಲ್ಲ' ಎಂಬುದು ಕಾರಣ. ಚಿತ್ರಗಳನ್ನು ಪುಟದ ಖಾಲಿ ಜಾಗ ತುಂಬುವ ಬಳ್ಳಿಹೂವಿನಂತೆ ಬಳಸದೆ, ಒಂದೊಂದಕ್ಕೂ ಸ್ವಂತ ಪುಟವನ್ನೂ ಚಿತ್ರಿಸಿದವರ ಹೆಸರನ್ನೂ ಕೊಡಬೇಕು.

ಹದಿಹರೆಯದವರು ಕೆಲವೊಮ್ಮೆ ಭಾರವಾದ ಸಂಗತಿಗಳನ್ನು ಬರೆದು ತರುತ್ತಾರೆ: ಕುಡಿದು ಬರುವ ತಂದೆ, ನಿಂತುಹೋಗಲಿರುವ ಓದು, ಬದುಕೇ ಬೇಡವೆನಿಸುವ ಬೇಸರ. ಇಂಥದ್ದನ್ನು ಓದಿದ ಕೂಡಲೆ ಪ್ರಕಟಿಸುವುದೋ ಬಿಡುವುದೋ ಎಂಬ ಯೋಚನೆಯನ್ನು ಬದಿಗಿಟ್ಟು ಮೊದಲು ಬರೆದವರನ್ನು ಏಕಾಂತದಲ್ಲಿ ಮಾತನಾಡಿಸಬೇಕು. ಅದು ಬರಹವೂ ಹೌದು, ನೆರವಿಗಾಗಿ ಇಟ್ಟ ಮೊರೆಯೂ ಇರಬಹುದು. ಅಗತ್ಯವಿದ್ದಲ್ಲಿ ನಂಬಿಕೆಯ ಹಿರಿಯರನ್ನೂ ವೈದ್ಯರನ್ನೂ ಸೇರಿಸಿಕೊಳ್ಳಬೇಕು. ಪ್ರಕಟಣೆಯ ಮಾತು ಆಮೇಲಿನದು. ಆಗಲೂ ಬರೆದವರ ಒಪ್ಪಿಗೆ ಇರಬೇಕು, ಮನೆಯವರ ಗುರುತು ಹೊರಬೀಳಬಾರದು. ಗುಪ್ತನಾಮ ಇಂಥ ಕಡೆ ಉಪಯೋಗಕ್ಕೆ ಬರುತ್ತದೆ.

ಈಚೆಗೆ ಮತ್ತೊಂದು ತೊಡಕು ಸೇರಿದೆ. ಹಿಂದೆ ಸಿನಿಮಾ ಹಾಡಿನ ಸಾಲುಗಳನ್ನು ನಕಲು ಮಾಡಿ ತರುತ್ತಿದ್ದರು. ಈಗ ಮೊಬೈಲ್ ಫೋನಿನಲ್ಲಿ ವಿಷಯ ಹೇಳಿದರೆ ಸಾಕು, ಯಂತ್ರವೇ ಕವಿತೆ ಕಟ್ಟಿಕೊಡುತ್ತದೆ. ಇದಕ್ಕೆ ಪತ್ತೇದಾರಿ ಮಾಡುತ್ತ ಕೂಡುವುದರಿಂದ ಪ್ರಯೋಜನ ಕಡಿಮೆ. ನಮ್ಮ ಪತ್ರಿಕೆಗಳು ವರ್ಷಧಾರೆಯ ಪದ್ಯಗಳನ್ನೇ ಬಯಸುವುದಾದರೆ ಯಂತ್ರ ಅವನ್ನು ಬೇಕಾದಷ್ಟು ಒದಗಿಸಬಲ್ಲದು. ಹಾಲಿನ ತಪ್ಪಲೆ ಎಲ್ಲಿತ್ತೆಂಬುದು ಆ ಹುಡುಗಿಗೆ ಮಾತ್ರ ಗೊತ್ತು. ಅದನ್ನು ಕೇಳುವ ಪತ್ರಿಕೆಗೆ ನಕಲಿನ ಭಯ ಅಷ್ಟಾಗಿ ಇರುವುದಿಲ್ಲ.

ಕೊನೆಯದಾಗಿ ಒಂದು ಸೂಚನೆ. ಅಚ್ಚಿನ ವೆಚ್ಚಕ್ಕೆ ಹಣವಿಲ್ಲವೆಂದು ಪತ್ರಿಕೆಯ ಯೋಚನೆಯನ್ನೇ ಬಿಡುವ ಶಾಲೆಗಳುಂಟು. ತೆರೆಜಿನ್‌ನ ಹುಡುಗರಿಗೆ ಒಂದೇ ಪ್ರತಿ ಸಾಕಾಯಿತು, ಏಕೆಂದರೆ ಅವರು ಅದನ್ನು ಓದಿ ಕೇಳಿಸಿದರು. ವಾರಕ್ಕೊಂದು ಅವಧಿ, ಒಂದು ಕೊಠಡಿ, ಬರೆದವರ ಬಾಯಿ, ಗೆಳೆಯರ ಕಿವಿ, ಇಷ್ಟಿದ್ದರೆ ಪತ್ರಿಕೆ ನಡೆಯುತ್ತದೆ. ಗಟ್ಟಿಯಾಗಿ ಓದುವಾಗ ಎರವಲು ತಂದ ಮಾತು ತೊಡರುತ್ತದೆ, ತನ್ನ ಮಾತು ಸಲೀಸಾಗಿ ಹರಿಯುತ್ತದೆ. ಅನೇಕ ತಿದ್ದುಪಡಿಗಳನ್ನು ಬರೆದವರೇ ಆ ಸ್ಥಳದಲ್ಲಿ ಮಾಡಿಕೊಳ್ಳುತ್ತಾರೆ. ರೇಡಿಯೋ ಕೇಳುವ ವಾಚಕರಿಗೆ ಕಿವಿಯ ಈ ಶಕ್ತಿಯನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ನಿಮ್ಮ ಮನೆಯಲ್ಲೋ ಶಾಲೆಯಲ್ಲೋ ಬರೆಯುವ ಮಗುವಿದ್ದರೆ ಈ ವಾರ ಒಂದು ಹಾಳೆಯನ್ನು ಓದಿಸಿ ಕೇಳಿ. ಓದಿ ಮುಗಿದ ಮೇಲೆ ತಪ್ಪು ತೋರಿಸುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿ: ಆಮೇಲೆ ಏನಾಯಿತು?